ಹಗೇವಿನ ಬಾಯಿ: ಧಾತು, ಈಶ್ವರ ಸಂವತ್ಸರಗಳ ಮಹಾ ಬರ

ಬಯಲುಸೀಮೆಯ ಹಳ್ಳಿಗಳಲ್ಲಿ ಹಗೇವು, ಅಂದರೆ ನೆಲದಡಿಯ ಕಾಳಿನ ಗುಳಿ, ತೆಗೆಯುವುದಕ್ಕೆ ಒಂದು ಕ್ರಮವಿತ್ತು. ಬಾಯಿಗೆ ಮುಚ್ಚಿದ ಚಪ್ಪಡಿ ಸರಿಸಿದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೊರಗೆ ಹೋಗಲೆಂದು ಕಾದು, ಹಗ್ಗಕ್ಕೆ ಕಟ್ಟಿದ ದೀಪವನ್ನು ಮೊದಲು ಇಳಿಬಿಡುತ್ತಿದ್ದರು. ದೀಪ ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿ, ಸುತ್ತ ಒಣಹುಲ್ಲು ಹೊದಿಸಿ, ರಾಗಿ ತುಂಬಿ, ಮೇಲೆ ಕಲ್ಲಿಟ್ಟು ಮಣ್ಣು ಮೆತ್ತಿದರೆ ಆ ಕಾಳು ವರ್ಷಗಟ್ಟಲೆ ಹುಳು ಬೀಳದೆ ಉಳಿಯುತ್ತಿತ್ತು. ಅಪ್ಪ ತುಂಬಿಸಿದ ರಾಗಿಯನ್ನು ಮಗ ತೆಗೆದು ಉಣ್ಣಬಹುದಿತ್ತು. ಮಳೆ ಒಂದು ವರ್ಷ ಕೈಕೊಟ್ಟರೂ ನೆಲದಡಿಯ ಕಾಳು ಕಾಯುತ್ತದೆ ಎಂಬ ಧೈರ್ಯದ ಮೇಲೆ ಮೈಸೂರು ಸೀಮೆಯ ರಾಗಿ ಉಣ್ಣುವ ಹಳ್ಳಿಗಳು ನಿಂತಿದ್ದವು.

1876 ಮುಗಿಯುವ ಹೊತ್ತಿಗೆ ಆ ಧೈರ್ಯ ಕುಸಿದಿತ್ತು. ಎಷ್ಟೋ ಊರುಗಳಲ್ಲಿ ಹಗೇವಿಗೆ ದೀಪ ಇಳಿಸುವ ಕೆಲಸವೇ ಇರಲಿಲ್ಲ. ತೆಗೆಯಲು ಒಳಗೆ ಕಾಳಿರಲಿಲ್ಲ.

ಹಳ್ಳಿಯ ಜನ ಆಗ ವರ್ಷಗಳನ್ನು ಹೆಸರಿನಿಂದಲೇ ನೆನಪಿಡುತ್ತಿದ್ದರು. 1876ರ ಯುಗಾದಿಗೆ ಕಾಲಿಟ್ಟದ್ದು ಧಾತು ಸಂವತ್ಸರ, ಅದರ ಮರು ಯುಗಾದಿಗೆ ಬಂದದ್ದು ಈಶ್ವರ. ಪಂಚಾಂಗದಲ್ಲಿ ಅರವತ್ತು ಹೆಸರುಗಳ ನಡುವೆ ಸುಮ್ಮನೆ ಕೂತಿದ್ದ ಈ ಎರಡು ಹೆಸರುಗಳು ಆಮೇಲೆ ಹಸಿವಿಗೇ ಅಂಟಿಕೊಂಡವು. ಆ ಬರಕ್ಕೆ ಜನ ಇಟ್ಟ ಹೆಸರೇ ಧಾತು ಈಶ್ವರದ ಬರ. ಮೈಸೂರು, ಬಳ್ಳಾರಿ, ಧಾರವಾಡ, ಕಲಾದಗಿ, ರಾಯಚೂರುಗಳು ಆಗ ನಾಲ್ಕು ಬೇರೆ ಬೇರೆ ಆಡಳಿತಗಳ ಕೆಳಗೆ ಹಂಚಿಹೋಗಿದ್ದವು. ಕನ್ನಡ ನಾಡನ್ನು ಒಂದು ರಾಜ್ಯವಾಗಿ ನೋಡಲು ಇನ್ನೂ ಎಂಬತ್ತು ವರ್ಷ ಕಾಯಬೇಕಿತ್ತು. ಹಸಿವು ಮಾತ್ರ ಆ ಗಡಿಗಳನ್ನು ಲೆಕ್ಕಿಸದೆ ಎಲ್ಲ ಕಡೆಗೂ ಬಂತು.

ಕಲ್ಲು ಸರಿಸುವ ಮೊದಲೇ

ಬರ ಒಂದೇ ದಿನದಲ್ಲಿ ಬರಲಿಲ್ಲ. ಅದರ ಹಿಂದಿನ ವರ್ಷ, 1875ರಲ್ಲೇ, ಮೈಸೂರಿನ ಹಲವು ತಾಲ್ಲೂಕುಗಳಲ್ಲಿ ಮಳೆ ಕಡಿಮೆಯಾಗಿ ಬೆಳೆ ಸೊರಗಿತ್ತು. ರೈತರು ಹಗೇವು ತೆಗೆದರು, ಮುಂದಿನ ಮುಂಗಾರಿಗೆ ತುಂಬಿಕೊಳ್ಳಬಹುದು ಎಂದುಕೊಂಡರು. 1876ರ ಮುಂಗಾರು ಕೈಕೊಟ್ಟಿತು. ಬಿತ್ತಿದ ರಾಗಿ ಹೊಲದಲ್ಲೇ ಕಮರಿತು. ಹಿಂಗಾರಾದರೂ ಬಂದೀತು ಎಂದು ಹುರುಳಿ ಚೆಲ್ಲಲು ಕಾದರೆ ಅದೂ ಬರಲಿಲ್ಲ. ಸೀಮೆಯ ತುಂಬ ಮೂವತ್ತು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಆದರೆ ಒಂದರ ಕೋಡಿ ಹರಿದು ಇನ್ನೊಂದು ತುಂಬುವ ಸರಪಣಿ ಅದು. ಮೇಲಿನ ಕೆರೆಗೇ ನೀರಿಲ್ಲದಿದ್ದರೆ ಕೆಳಗಿನ ನೀರಗಂಟಿಗೆ ತೂಬು ಎತ್ತುವ ಕೆಲಸವೆಲ್ಲಿ? ಪೆಸಿಫಿಕ್ ಸಾಗರದ ನೀರು ಕಾದು ಏಷ್ಯಾದ ಮಳೆ ಕೆಡಿಸುವ ಎಲ್ ನಿನೊ ಆ ವರ್ಷಗಳಲ್ಲಿ ಬಹಳ ಬಲವಾಗಿತ್ತು ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಅದೇ ಕಾಲದಲ್ಲಿ ಉತ್ತರ ಚೀನಾ ಮತ್ತು ಬ್ರೆಜಿಲ್‌ನ ಈಶಾನ್ಯ ಭಾಗದಲ್ಲೂ ಜನ ಹಸಿವಿನಿಂದ ಸತ್ತರು.

ಮಳೆ ಹೋದದ್ದಕ್ಕೆ ಆಕಾಶವನ್ನು ದೂರಬಹುದು. ಹಗೇವು ಅಷ್ಟು ಬೇಗ ಬರಿದಾದದ್ದಕ್ಕೆ ಕಾರಣ ನೆಲದ ಮೇಲೆಯೇ ಇತ್ತು. ಮೈಸೂರು 1831ರಿಂದ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಮೊದಲು ಎಷ್ಟೋ ಜಮೀನುಗಳಲ್ಲಿ ಬೆಳೆದದ್ದರಲ್ಲಿ ಸರ್ಕಾರಕ್ಕೆ ಒಂದು ಪಾಲು ಅಳೆದುಕೊಡುವ ವಾರದ ಪದ್ಧತಿ ಇತ್ತು. ಬೆಳೆ ಕಡಿಮೆಯಾದರೆ ಸರ್ಕಾರದ ಪಾಲೂ ತಾನಾಗಿ ಕಡಿಮೆಯಾಗುತ್ತಿತ್ತು. ಕಮಿಷನರರ ಕಾಲದಲ್ಲಿ ಅದು ಹಂತಹಂತವಾಗಿ ನಗದು ಕಂದಾಯವಾಯಿತು. ಬೌರಿಂಗ್ ಕಮಿಷನರಾಗಿದ್ದಾಗ, 1863ರಲ್ಲಿ, ಹೊಲ ಹೊಲವನ್ನೂ ಅಳೆದು ಕಂದಾಯ ಗೊತ್ತುಮಾಡುವ ಸರ್ವೆ ಶುರುವಾಯಿತು. ಲಂಚ, ಗೊಂದಲ ತಪ್ಪಲಿ ಎಂಬುದು ಅದರ ಉದ್ದೇಶ. ಆದರೆ ಮಳೆ ಹೋದ ವರ್ಷ ನಗದು ಕಂದಾಯ ರೈತನ ಜೊತೆಗೆ ಬಾಗುವುದಿಲ್ಲ. ಕಂತಿನ ದಿನ ಬಂದಾಗ ಕೈಯಲ್ಲಿ ದುಡ್ಡಿಲ್ಲದವನು ಕಣದಲ್ಲೇ ಕಾಳು ಮಾರಬೇಕು, ಇಲ್ಲವೇ ಸಾಹುಕಾರನ ಬಾಗಿಲಿಗೆ ಹೋಗಬೇಕು. ಎರಡರಲ್ಲೂ ಹಗೇವಿಗೆ ಹೋಗಬೇಕಾದ ರಾಗಿ ಬೇರೆ ದಾರಿ ಹಿಡಿಯುತ್ತದೆ.

ಇನ್ನೊಂದು ಮಾತು. ಹಗೇವು ಎಲ್ಲರ ಮನೆಯ ಮುಂದೆ ಇರಲಿಲ್ಲ. ಹೊಲ ಇದ್ದವನಿಗೆ ಹಗೇವು. ಹೊಲ ಇಲ್ಲದವನಿಗೆ ಆ ಹಗೇವಿನ ಒಡೆಯನ ಕಣ್ಣಿನ ದಯೆ. ಜೀತದಾಳು, ಕೂಲಿ, ನೇಕಾರ, ಕುಂಬಾರ, ಊರ ತೋಟಿ ಇವರೆಲ್ಲ ದುಡಿದದ್ದಕ್ಕೆ ಪಡೆಯುತ್ತಿದ್ದುದು ಕಾಳು, ಸಾಲವಾಗಿ ಪಡೆಯುತ್ತಿದ್ದುದೂ ಕಾಳೇ. ಒಳ್ಳೆಯ ವರ್ಷದಲ್ಲಿ ಕಣದ ಮೂಲೆಯಲ್ಲಿ ಅವರ ಪಾಲಿನ ರಾಶಿ ಬೀಳುತ್ತಿತ್ತು. ಕೆಟ್ಟ ವರ್ಷದಲ್ಲಿ ಒಡೆಯ ತನ್ನ ಮಕ್ಕಳ ಮುಖ ನೋಡಿ ಚಪ್ಪಡಿಯನ್ನು ಬಿಗಿ ಮಾಡಿಕೊಂಡ. ಹೊಲದಲ್ಲಿ ಕೆಲಸವಿಲ್ಲದ ಮೇಲೆ ಕೂಲಿ ಇಲ್ಲ, ಬಟ್ಟೆ ಕೊಳ್ಳುವವರಿಲ್ಲದ ಮೇಲೆ ಮಗ್ಗಕ್ಕೆ ಕೆಲಸವಿಲ್ಲ. ಹಸಿವು ಮೊದಲು ಹೋದದ್ದು ಹೊಲಗೇರಿಗೆ, ನೇಕಾರರ ಬೀದಿಗೆ. ಊರಿನ ದೊಡ್ಡ ಮನೆಗಳಿಗೆ ಅದು ತಲುಪುವ ಹೊತ್ತಿಗೆ ಆ ಕೇರಿಗಳ ಗುಡಿಸಲುಗಳು ಎಷ್ಟೋ ಖಾಲಿಯಾಗಿದ್ದವು.

ನಿಲ್ದಾಣದಲ್ಲಿ ಮೂಟೆ, ಊರಲ್ಲಿ ಹಸಿವು

ದಕ್ಷಿಣದಲ್ಲಿ ಧಾನ್ಯ ಇಲ್ಲದಿರಬಹುದು, ದೇಶದಲ್ಲಿ ಇಲ್ಲದಿರಲಿಲ್ಲ. ಬಂಗಾಳದ ಅಕ್ಕಿ ಹಡಗಿನಲ್ಲಿ ಮದರಾಸಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಜೋಲಾರಪೇಟೆ ದಾಟಿ ಬೆಂಗಳೂರು ದಂಡಿನ ನಿಲ್ದಾಣಕ್ಕೆ ಬರುತ್ತಿತ್ತು. 1864ರಲ್ಲಿ ತೆರೆದ ಆ ದಾರಿಯೊಂದೇ ಆಗ ಮೈಸೂರು ಸೀಮೆಯೊಳಗಿದ್ದ ರೈಲು. ಅಲ್ಲಿಂದ ಮುಂದೆ ಚಿತ್ರದುರ್ಗಕ್ಕೋ ನಾಗಮಂಗಲಕ್ಕೋ ಮೂಟೆ ಹೋಗಬೇಕಾದರೆ ಗಾಡಿ ಬೇಕು, ಗಾಡಿಗೆ ಎತ್ತು ಬೇಕು, ಎತ್ತಿಗೆ ಮೇವು, ನೀರು ಬೇಕು. ದನಕರು ಸಾಲುಸಾಲಾಗಿ ಸಾಯುತ್ತಿದ್ದವು. ಧಾರವಾಡ, ಕಲಾದಗಿಗಳಿಗಂತೂ ರೈಲೇ ಬಂದಿರಲಿಲ್ಲ.

ಎತ್ತು ಸಿಕ್ಕಿ, ಗಾಡಿ ಸಂತೆ ಮುಟ್ಟಿದರೂ ಕೂಲಿಯ ಕಷ್ಟ ತೀರುತ್ತಿರಲಿಲ್ಲ. ಸಂತೆಯಲ್ಲಿ ರಾಗಿಯ ಬೆಲೆ ಕೈಗೆಟುಕದಷ್ಟು ಏರಿತ್ತು, ಅವನ ಕೈಯಲ್ಲಿ ಕಾಸಿರಲಿಲ್ಲ. ಕೊಳ್ಳುವ ಶಕ್ತಿ ಇಲ್ಲದವನ ಕಣ್ಣೆದುರು ಮೂಟೆ ಇದ್ದರೇನು, ಇಲ್ಲದಿದ್ದರೇನು? ಬರಗಾಲದ ಸಾವಿಗೆ ಧಾನ್ಯದ ಅಭಾವಕ್ಕಿಂತ ಅದನ್ನು ಪಡೆಯುವ ಹಕ್ಕು ಕಳೆದುಹೋಗುವುದು ದೊಡ್ಡ ಕಾರಣ ಎಂದು ಅಮರ್ತ್ಯ ಸೇನ್ 1981ರಲ್ಲಿ ಪುಸ್ತಕ ಬರೆದು ತೋರಿಸಿದರು. ಧಾತು ಸಂವತ್ಸರದ ಕೂಲಿ ಅದನ್ನು ಅವರಿಗೂ ನೂರು ವರ್ಷ ಮೊದಲು ತನ್ನ ಮೈಯ ಮೇಲೇ ಅನುಭವಿಸಿದ್ದ.

ಆಳುವವರ ನಂಬಿಕೆ ಬೇರೆ ಇತ್ತು. ವ್ಯಾಪಾರಿಯ ಕೈ ತಡೆಯಬಾರದು, ಬೆಲೆ ಏರಿದರೆ ಧಾನ್ಯ ತಾನಾಗಿ ಹರಿದುಬರುತ್ತದೆ, ಸರ್ಕಾರ ನಡುವೆ ಬಂದರೆ ಎಲ್ಲ ಕೆಡುತ್ತದೆ ಎಂಬುದು ವೈಸರಾಯ್ ಲಿಟ್ಟನ್ನನ ಪಕ್ಕಾ ನಿಲುವು. ಮದರಾಸು ಸರ್ಕಾರ ಗುಟ್ಟಾಗಿ ಒಂದಷ್ಟು ಧಾನ್ಯ ಕೊಂಡಿಟ್ಟಾಗ ಅದಕ್ಕೆ ಕಲ್ಕತ್ತೆಯಿಂದ ಛೀಮಾರಿ ಬಂತು. ಅದೇ ವರ್ಷಗಳಲ್ಲಿ ಇಂಡಿಯಾದ ಗೋಧಿ ಇಂಗ್ಲೆಂಡಿಗೆ ಹೋಗುವುದು ನಿಲ್ಲಲಿಲ್ಲ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಇಂಡಿಯಾದ ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಯಿತು. ಆನೆ, ಅಂಬಾರಿ, ತೋಪು, ಔತಣ ಯಾವುದಕ್ಕೂ ಕೊರತೆಯಿರಲಿಲ್ಲ. ಆ ದಿನವೇ ಬಳ್ಳಾರಿ, ತುಮಕೂರುಗಳ ದಾರಿಯಲ್ಲಿ ಜನ ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದರು.

ಒಂದು ಪೌಂಡಿನ ಕೂಲಿ

ಬರ ನೋಡಿ ವರದಿ ಮಾಡಲು ಲಿಟ್ಟನ್ ಕಳಿಸಿದ್ದು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು. ಈ ಟೆಂಪಲ್ ಅವರ ಹಿಂದಿನ ಕಥೆ ತಿಳಿದರೆ ಸಂಕಟವಾಗುತ್ತದೆ. 1873–74ರಲ್ಲಿ ಬಿಹಾರದಲ್ಲಿ ಬರ ಬಂದಾಗ ಅವರು ಬರ್ಮಾದಿಂದ ಅಕ್ಕಿ ತರಿಸಿ ಹಂಚಿ, ಹಸಿವಿನ ಸಾವು ಬಹುಮಟ್ಟಿಗೆ ಆಗದಂತೆ ನೋಡಿಕೊಂಡಿದ್ದರು. ಜೀವ ಉಳಿಸಿದ್ದಕ್ಕೆ ಅವರಿಗೆ ಸಿಕ್ಕಿದ್ದು ದುಂದುಗಾರ ಎಂಬ ಬಿರುದು. ದಕ್ಷಿಣಕ್ಕೆ ಬರುವಾಗ ಅವರು ಆ ನಿಂದೆಯನ್ನು ತೊಳೆದುಕೊಳ್ಳುವ ಮನಸ್ಸಿನಲ್ಲಿದ್ದರು.

ಅದರ ಫಲ ಒಂದು ಅಳತೆ. ಬರ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊರುವ, ಕಲ್ಲು ಒಡೆಯುವ ಗಂಡಾಳಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಸಿಗುವಷ್ಟು ಕೂಲಿ, ಮೇಲೆ ಬಿಡಿಗಾಸು. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಇದನ್ನು ಕಟುವಾಗಿ ವಿರೋಧಿಸಿದರು. ಬೇಳೆಯಿಲ್ಲದ ಬರಿ ಒಂದು ಪೌಂಡ್ ಧಾನ್ಯದಲ್ಲಿ ದುಡಿಯುವ ದೇಹ ದಿನದಿನಕ್ಕೂ ಕರಗುತ್ತದೆ ಎಂದು ಅವರು ವೈದ್ಯರಾಗಿ ವಾದಿಸಿದರು. ಬೊಂಬಾಯಿ ಪ್ರಾಂತದಲ್ಲಿ ಕೂಲಿಗಳೇ ಕೆಲಸ ಬಿಟ್ಟು ಎದ್ದುಹೋದರು; ಪುಣೆಯ ಸಾರ್ವಜನಿಕ ಸಭಾ ಎಂಬ ಸಂಸ್ಥೆ ಅವರ ಬೆನ್ನಿಗೆ ನಿಂತಿತು. ಕೆಲವು ತಿಂಗಳ ಜಗಳದ ನಂತರ ಮದರಾಸಿನಲ್ಲಿ ಅಳತೆ ಸ್ವಲ್ಪ ಏರಿತು. ಅಷ್ಟರಲ್ಲಿ ಎಷ್ಟೋ ಜನ ಬುಟ್ಟಿ ಎತ್ತಲಾರದ ಸ್ಥಿತಿ ತಲುಪಿಯಾಗಿತ್ತು.

ಇನ್ನೊಂದು ನಿಯಮ ಕೂಲಿಗಿಂತ ಕ್ರೂರವಾಗಿತ್ತು. ನಿಜವಾಗಿ ಹಸಿದವನಾದರೆ ಎಷ್ಟು ದೂರವಾದರೂ ನಡೆದು ಬಂದಾನು ಎಂಬ ತರ್ಕದಿಂದ, ಮನೆಯಿಂದ ಹತ್ತು ಮೈಲಿಯೊಳಗಿನ ಕಾಮಗಾರಿಗೆ ಆಳನ್ನು ತೆಗೆದುಕೊಳ್ಳಬಾರದು, ದೂರದ ಶಿಬಿರಕ್ಕೇ ಕಳಿಸಬೇಕು ಎಂಬ ಪರೀಕ್ಷೆ ಇಟ್ಟರು. ಮುದಿ ತಾಯಿಯನ್ನು, ಬಾಣಂತಿ ಹೆಂಡತಿಯನ್ನು ಗುಡಿಸಲಲ್ಲಿ ಬಿಟ್ಟು ಹತ್ತು ಮೈಲಿ ನಡೆದು ಬಾ ಎಂದು ಹೇಳುವುದು ಹಸಿವಿನ ಪರೀಕ್ಷೆಯಲ್ಲ. ಅದು ಒಂದು ಸಂಸಾರವನ್ನು ಒಡೆಯುವ ದಾರಿ.

ಮೊದಲು ಹಂಡೆ, ಆಮೇಲೆ ಬಾಗಿಲು

ಊರುಗಳಲ್ಲಿ ಮನೆ ಕರಗಿದ್ದಕ್ಕೂ ಒಂದು ಕ್ರಮವಿತ್ತು. ಮೊದಲು ತಾಮ್ರದ ಹಂಡೆ, ಹಿತ್ತಾಳೆ ಬಿಂದಿಗೆ. ಆಮೇಲೆ ಹೆಂಗಸರ ಕಡಗ, ಕಾಲುಂಗುರ, ಡಾಬು. ಆ ಎರಡು ವರ್ಷಗಳಲ್ಲಿ ಬೊಂಬಾಯಿಯ ಟಂಕಸಾಲೆಗೆ ಕರಗಿಸಲು ಬಂದ ಬೆಳ್ಳಿ ಒಡವೆ ಹಿಂದಿನ ವರ್ಷಗಳಿಗಿಂತ ಹಲವು ಪಟ್ಟು ಹೆಚ್ಚಿತ್ತು. ದಕ್ಷಿಣದ ಹಳ್ಳಿಗಳ ತಲೆಮಾರುಗಳ ಉಳಿತಾಯವೆಲ್ಲ ಅಲ್ಲಿ ಕರಗಿತು. ಒಡವೆ ತೀರಿದ ಮೇಲೆ ದನ. ಮೇವಿಲ್ಲದ ದನಕ್ಕೆ ಬೆಲೆಯೆಲ್ಲಿ? ಬಿತ್ತನೆಗಿಟ್ಟ ಕಾಳೂ ಒಲೆಗೆ ಹೋಯಿತು. ಕೊನೆಗೆ ಮನೆಯ ತೊಲೆ, ಬಾಗಿಲು ಕಿತ್ತು ಸೌದೆಗೆ ಮಾರಿದರು. ಬಾಗಿಲು ಹೋದ ಮೇಲೆ ಮನೆಗೆ ಮರಳುವ ಮಾತಿಲ್ಲ. ಸಂಸಾರ ಬೀದಿಗೆ ಬಿತ್ತು.

ತಿನ್ನಲು ಸಿಕ್ಕಿದ್ದನ್ನೆಲ್ಲ ತಿಂದರು. ಬೇಲಿಯ ಸೊಪ್ಪು, ಪಾಪಾಸುಕಳ್ಳಿಯ ಹಣ್ಣು, ಕಾಡಿನ ಗೆಡ್ಡೆ ಗೆಣಸು, ಹುಣಸೆ ಬೀಜ. ಒಗ್ಗದ ಸೊಪ್ಪು ತಿಂದ ಹೊಟ್ಟೆಗೆ ಭೇದಿ ಹತ್ತಿತು, ಬತ್ತಿದ ಕೆರೆಯ ಬಗ್ಗಡ ಕುಡಿದವರಿಗೆ ಕಾಲರಾ ತಗುಲಿತು. ಕಾಲಲ್ಲಿ ಬಲ ಇದ್ದವರು ಗುಳೆ ಹೊರಟರು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಮಳೆ ಅಷ್ಟು ಕೈಕೊಟ್ಟಿರಲಿಲ್ಲ. ಕಾಫಿ ತೋಟಗಳ ಕಡೆಗೆ ಬಯಲಿನ ಜನ ಗುಂಪುಗುಂಪಾಗಿ ನಡೆದರು. ಉಳಿದವರು ಬೆಂಗಳೂರಿನ ದಾರಿ ಹಿಡಿದರು. 1877ರ ಅಕ್ಟೋಬರಿನಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದು ಕುಳಿತ ಜನರ ಚಿತ್ರ ಪ್ರಕಟಿಸಿತು. ಅದೇ ಕಾಲದಲ್ಲಿ ಹೂಪರ್ ಎಂಬ ಸೇನಾಧಿಕಾರಿ ತೆಗೆದ ಛಾಯಾಚಿತ್ರಗಳಲ್ಲಿ ಎಲುಬಿನ ಹಂದರದಂಥ ಮನುಷ್ಯರು ಕ್ಯಾಮೆರಾದ ಕಡೆ ನೋಡುತ್ತ ಕುಳಿತಿದ್ದಾರೆ. ಅವರಲ್ಲಿ ಒಬ್ಬರ ಹೆಸರೂ ಉಳಿದಿಲ್ಲ. ನಮ್ಮ ಪೂರ್ವಿಕರಲ್ಲಿ ಎಷ್ಟೋ ಜನ ಅಂಥದೇ ಸಾಲಿನಲ್ಲಿ ಕುಳಿತಿದ್ದವರು.

ಸರ್ಕಾರ ಗಂಜಿ ಮನೆಗಳನ್ನು ತೆರೆದಿತ್ತು. ಹಸಿವಿಗಿಂತ ಮೊದಲೇ ಬಂದ ಒಂದು ಗೋಡೆ ಅಲ್ಲೂ ಇತ್ತು. ಯಾರು ಬೇಯಿಸಿದ್ದು, ಯಾರ ಪಂಕ್ತಿ ಎಂದು ನೋಡಿ ಉಣ್ಣದೆ ಹಿಂದಕ್ಕೆ ಹೋದವರಿದ್ದರು. ಮರ್ಯಾದೆಗೆ ಅಂಜಿ, ಗಂಜಿಗೆ ಕೈ ಒಡ್ಡುವುದಕ್ಕಿಂತ ಮನೆಯ ಬಾಗಿಲು ಮುಚ್ಚಿಕೊಂಡು ಸತ್ತವರೂ ಇದ್ದರು. ತಂದೆ ತಾಯಿ ಸತ್ತ ಮಕ್ಕಳನ್ನು ಕ್ರೈಸ್ತ ಮಿಶನ್ನಿನವರು ತಮ್ಮ ಅನಾಥಾಲಯಗಳಿಗೆ ಕರೆದೊಯ್ದು ಸಾಕಿದರು.

ಉತ್ತರೆಯ ಮಳೆ, ಜ್ವರದ ಸುಗ್ಗಿ

ಈಶ್ವರ ಸಂವತ್ಸರದ ಮುಂಗಾರೂ ಮೋಸ ಮಾಡಿತು. 1877ರ ಬೇಸಗೆಯಿಂದ ಆಗಸ್ಟಿನವರೆಗಿನ ತಿಂಗಳುಗಳು ಎಲ್ಲಕ್ಕಿಂತ ಘೋರವಾಗಿದ್ದವು. ಲಿಟ್ಟನ್ ಸ್ವತಃ ದಕ್ಷಿಣಕ್ಕೆ ಬಂದು ಮದರಾಸು, ಮೈಸೂರು ನೋಡಿದ. ಮೈಸೂರಿನ ಬರದ ಹೊಣೆಗೆ ಚಾರ್ಲ್ಸ್ ಎಲಿಯಟ್ ಎಂಬ ಕಮಿಷನರನ್ನು ನೇಮಿಸಿದ. ಆ ಬರದ ಇತಿಹಾಸವನ್ನು ಮರುವರ್ಷ ವರದಿಯಾಗಿ ಬರೆದವನೂ ಈ ಎಲಿಯಟ್ಟೇ. ಮದರಾಸಿನ ಪತ್ರಿಕೆಯ ಸಂಪಾದಕ ವಿಲಿಯಂ ಡಿಗ್ಬಿ ಬರೆದ ಲೇಖನಗಳಿಂದ ಇಂಗ್ಲೆಂಡಿನ ಜನರ ಮನ ಕರಗಿ, ಲಂಡನ್ನಿನ ಮೇಯರ್ ತೆರೆದ ನಿಧಿಗೆ ಹಣ ಹರಿದುಬಂತು. ಕೊನೆಗೆ ಸೆಪ್ಟೆಂಬರಿನಲ್ಲಿ, ಉತ್ತರೆ, ಹಸ್ತದ ಹೊತ್ತಿಗೆ, ಮಳೆ ಹಿಡಿಯಿತು.

ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂದು ನಮ್ಮವರು ಹೇಳುತ್ತಾರೆ. ಆ ವರ್ಷ ಮಳೆಯೂ ಕೇಡು ತಂದಿತು. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟಿತು, ಚಳಿಜ್ವರ ಎದ್ದಿತು. ಎರಡು ವರ್ಷ ಸವೆದ ದೇಹಗಳಿಗೆ ಅದನ್ನು ತಡೆಯುವ ಶಕ್ತಿಯಿರಲಿಲ್ಲ. ಹೊಲ ಹಸಿರಾಗುತ್ತಿದ್ದಾಗಲೇ ಜನ ಸತ್ತರು. ಬಿತ್ತಲು ಕೈಯಿದ್ದವನಿಗೆ ಎತ್ತಿರಲಿಲ್ಲ, ಎತ್ತಿದ್ದವನಿಗೆ ಬೀಜವಿರಲಿಲ್ಲ.

ಎಷ್ಟು ಜನ ಸತ್ತರು? 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ, 41,86,188. ಬೆಳೆಯಬೇಕಿದ್ದ ನಾಡು ಎಂಟು ಲಕ್ಷ ಅರವತ್ತೊಂಬತ್ತು ಸಾವಿರ ಜನರನ್ನು ಕಳೆದುಕೊಂಡಿತ್ತು. ಸತ್ತವರ ಜೊತೆಗೆ ಊರು ಬಿಟ್ಟು ಮರಳದವರೂ, ಹುಟ್ಟಬೇಕಾಗಿದ್ದು ಹುಟ್ಟದವರೂ ಆ ಲೆಕ್ಕದಲ್ಲಿದ್ದಾರೆ. 1891ರ ಗಣತಿಯಲ್ಲೂ ಮೈಸೂರು 1871ರ ಸಂಖ್ಯೆಯನ್ನು ಮುಟ್ಟಿರಲಿಲ್ಲ. ಕಲಾದಗಿ ಜಿಲ್ಲೆಯಲ್ಲಿ, ಅಂದರೆ ಇಂದಿನ ವಿಜಯಪುರ, ಬಾಗಲಕೋಟೆಯ ಸೀಮೆಯಲ್ಲಿ, ಸುಮಾರು ಎಂಟು ಲಕ್ಷವಿದ್ದ ಜನ 6,38,000ಕ್ಕೆ ಇಳಿದರು. ಐದರಲ್ಲಿ ಒಂದು ಪಾಲು ಇಲ್ಲವಾಯಿತು. ಆ ಸೀಮೆಗೆ ಬರ ಹೊಸದಲ್ಲ. 1791–92ರಲ್ಲಿ ಬಂದ ಬರವನ್ನು ಅಲ್ಲಿ ಡೋಗಿ ಬರ ಎನ್ನುತ್ತಾರೆ. ನೆಲದ ಮೇಲೆ ತಲೆಬುರುಡೆ ಚೆಲ್ಲಿದ್ದ ಬರ. ಇಡೀ ಇಂಡಿಯಾದಲ್ಲಿ 1876–78ರ ಸಾವು ಸರ್ಕಾರದ ಲೆಕ್ಕದಲ್ಲೇ 50 ಲಕ್ಷ ಮೀರಿತು.

ಉಳಿದದ್ದು, ಕಲಿತದ್ದು

ಬರ ಮೈಸೂರಿನ ಬೊಕ್ಕಸವನ್ನೂ ಬರಿದು ಮಾಡಿತು. ಕೂಡಿಟ್ಟಿದ್ದ 63 ಲಕ್ಷ ರೂಪಾಯಿ ಕರಗಿ, ಅದರ ಜಾಗದಲ್ಲಿ 80 ಲಕ್ಷದ ಸಾಲ ನಿಂತಿತು. 1881ರ ಮಾರ್ಚಿನಲ್ಲಿ ರಾಜ್ಯ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿದಾಗ ಅವರಿಗೆ ಸಿಕ್ಕಿದ್ದು ಈ ಸಾಲ ಮತ್ತು ಅರೆ ಖಾಲಿಯಾದ ಹಳ್ಳಿಗಳು. ದಿವಾನ್ ರಂಗಾಚಾರ್ಲು ಅದೇ ವರ್ಷದ ಅಕ್ಟೋಬರ್ 7ರಂದು ತಾಲ್ಲೂಕುಗಳ ರೈತರನ್ನೂ ವರ್ತಕರನ್ನೂ ಮೈಸೂರಿಗೆ ಕರೆಸಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಸೇರಿಸಿದರು. ಬಂದವರು 144 ಮಂದಿ. ದೇಶೀಯ ಸಂಸ್ಥಾನಗಳಲ್ಲಿ ಅಂಥ ಸಭೆ ಅದೇ ಮೊದಲು. ಬರ ಉಂಡ ಊರುಗಳಿಂದ ಬಂದ ಆ ಪ್ರತಿನಿಧಿಗಳ ಮುಂದೆ ದಿವಾನರು ರಾಜ್ಯದ ಹಣಕಾಸಿನ ಕಷ್ಟವನ್ನು ಬಿಚ್ಚಿಟ್ಟರು.

ಬರದ ಕೂಲಿಗಳು ಹೊತ್ತ ಮಣ್ಣಿನ ಮೇಲೆ ರೈಲು ಓಡಿತು. ಬೆಂಗಳೂರು–ಮೈಸೂರು ದಾರಿಯ ಮಣ್ಣಿನ ಕೆಲಸ ಬರ ಕಾಮಗಾರಿಯಾಗಿಯೇ ಶುರುವಾಗಿತ್ತು. 1882ರಲ್ಲಿ ಅದು ಮೈಸೂರು ಮುಟ್ಟಿತು. ಇಂದು ಚನ್ನಪಟ್ಟಣ, ಮದ್ದೂರುಗಳನ್ನು ದಾಟುವಾಗ ಕಿಟಕಿಯ ಪಕ್ಕ ಕುಳಿತವರು ಆ ಏರಿಯ ಮಣ್ಣನ್ನು ಒಮ್ಮೆ ನೋಡಬೇಕು. ಬುಟ್ಟಿ ಹೊತ್ತವರ ಸ್ಮಾರಕ ಅದೊಂದೇ. ಉತ್ತರದಲ್ಲಿ ಧಾರವಾಡ, ಹುಬ್ಬಳ್ಳಿ, ಗದಗಗಳಿಗೆ ರೈಲು ತಂದ ಸದರ್ನ್ ಮರಾಠಾ ಕಂಪನಿ ಹುಟ್ಟಿದ್ದಕ್ಕೂ ಬರದಿಂದ ಕಲಿತ ಪಾಠವೇ ಕಾರಣ.

ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಬರ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಅದರಿಂದ ಬರ ಸಂಹಿತೆ ಹುಟ್ಟಿತು: ಬರದ ಸೂಚನೆ ಕಂಡ ಕೂಡಲೇ ಕೆಲಸ ತೆರೆಯಬೇಕು, ದುಡಿಯಲಾರದ ಮುದುಕರಿಗೆ, ರೋಗಿಗಳಿಗೆ, ಮಕ್ಕಳಿಗೆ ಪುಕ್ಕಟೆ ಅನ್ನ ಕೊಡಬೇಕು. ಆ ಸಂಹಿತೆ ಬಂದ ಮೇಲೂ 1896ರಲ್ಲಿ, 1899ರಲ್ಲಿ ಬರಗಳು ಬಂದು ಜನ ಸತ್ತರು. ಆದರೂ ಹಸಿದವನಿಗೆ ಸರ್ಕಾರ ಉತ್ತರಿಸಬೇಕು ಎಂಬ ಮಾತು ಮೊದಲ ಬಾರಿಗೆ ಕಾಗದಕ್ಕೆ ಇಳಿದಿತ್ತು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಆ ಮಾತನ್ನು ಹಕ್ಕು ಮಾಡಿತು. ಕೆಲಸ ಕೇಳಿದವರಿಗೆ ಅವರ ಊರಿನಿಂದ ಐದು ಕಿಲೋಮೀಟರ್ ಒಳಗೇ ಕೆಲಸ ಕೊಡಬೇಕು, ದೂರವಾದರೆ ಹೆಚ್ಚು ಕೂಲಿ ಕೊಡಬೇಕು ಎಂದು ಅದು ಹೇಳಿತು. ಮನೆಯಿಂದ ಹತ್ತು ಮೈಲಿ ದೂರ ನಡೆಸಿದ ಕಾಲದಿಂದ ಐದು ಕಿಲೋಮೀಟರಿನ ಒಳಕ್ಕೆ ಬರಲು ನಮಗೆ ನೂರ ಇಪ್ಪತ್ತೆಂಟು ವರ್ಷ ಹಿಡಿಯಿತು.

ಈಗ ಹಳ್ಳಿಗಳಲ್ಲಿ ಹಗೇವು ಇಲ್ಲ. ಅದರ ಕೆಲಸವನ್ನು ಸರ್ಕಾರದ ಗೋದಾಮು, ನ್ಯಾಯಬೆಲೆ ಅಂಗಡಿ, ಶಾಲೆಯ ಅಕ್ಷರ ದಾಸೋಹದ ಒಲೆ ಮಾಡುತ್ತಿವೆ. 2013ರ ಆಹಾರ ಭದ್ರತಾ ಕಾಯ್ದೆ, ಅದೇ ವರ್ಷ ಕರ್ನಾಟಕದಲ್ಲಿ ಶುರುವಾದ ಅನ್ನಭಾಗ್ಯ ಇವುಗಳಿಂದ ಬಡವರ ಪಾಲಿನ ಕಾಳಿಗೆ ಒಂದು ಕಾನೂನಿನ ಬಲ ಬಂದಿದೆ. ಹಳೆಯ ಹಗೇವು ಒಬ್ಬ ಒಡೆಯನದು. ಕಲ್ಲು ಸರಿಸುವುದೂ ಬಿಗಿ ಮಾಡುವುದೂ ಅವನ ಮನಸ್ಸಿಗೆ ಬಿಟ್ಟದ್ದು. ಹೊಸ ಹಗೇವು ಎಲ್ಲರದು. ಹಾಗಿದ್ದರೂ ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದು, ಕಟ್ಟುವ ಮನೆಯ ಮುಂದೆ ತಗಡಿನ ಶೆಡ್ಡಿನಲ್ಲಿ ಮಲಗುವ ಸಂಸಾರಗಳು ಇಂದಿಗೂ ಇವೆ. ಎಷ್ಟೋ ಸಲ ಅವರ ಪಡಿತರ ಕಾರ್ಡು ಊರಲ್ಲೇ ಉಳಿದಿರುತ್ತದೆ, ಹಸಿವು ಇಲ್ಲಿರುತ್ತದೆ.

ಬರದ ಹೊಣೆಯನ್ನು ಮಳೆಯ ಮೇಲೆ ಹಾಕಿ ಸುಮ್ಮನಾಗುವುದು ಸುಲಭ. ಧಾತು ಈಶ್ವರ ಸಂವತ್ಸರಗಳಲ್ಲಿ ಸತ್ತವರು ಆ ಸುಲಭವನ್ನು ನಮಗೆ ಬಿಟ್ಟುಕೊಟ್ಟಿಲ್ಲ. ದಂಡಿನ ನಿಲ್ದಾಣದಲ್ಲಿ ಮೂಟೆಗಳಿದ್ದಾಗಲೇ ಅವರು ಸತ್ತರು. ಹಗೇವು ಎಷ್ಟು ತುಂಬಿದೆ ಎಂದು ಕೇಳುವಾಗೆಲ್ಲ ಅದರ ಬಾಯಿ ಯಾರಿಗೆ ತೆರೆಯುತ್ತದೆ ಎಂದೂ ಕೇಳಬೇಕು. ಚಪ್ಪಡಿ ಸರಿಸಿದಾಗ ಅದರ ಅಂಚಿನಲ್ಲಿ ಕೊನೆಗೆ ನಿಂತಿರುವ, ಹೊಲವೂ ಇಲ್ಲದ ಒಡವೆಯೂ ಇಲ್ಲದ ಆ ಒಬ್ಬನ ಬುಟ್ಟಿಗೆ ಮೊದಲ ಬೊಗಸೆ ಬೀಳಬೇಕು.